ನೆಲವನ್ನು ಮಸೆಯುವ ವಿದ್ಯೆ

ಒಂದು ಕಟ್ಟಡದಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆಯುವ ಭಾಗ ಯಾವುದು? ಗೋಡೆಯನ್ನು ಬಿಸಿಲು ಮಳೆಗಳು ಕಾಡುತ್ತವೆ; ಬಾಗಿಲನ್ನು ಕೈಗಳು ಸವೆಸುತ್ತವೆ; ಆದರೆ ನೆಲದಷ್ಟು ಪೆಟ್ಟು ತಿನ್ನುವ ಭಾಗ ಇನ್ನೊಂದಿಲ್ಲ. ಶಾಲೆಯ ಮೊಗಸಾಲೆಯಲ್ಲಿ ನೂರಾರು ಕಾಲುಗಳ ಓಡಾಟ, ಕಾರ್ಖಾನೆಯಲ್ಲಿ ಕಬ್ಬಿಣದ ಗಾಲಿಗಳ ಭಾರ, ಉಗ್ರಾಣದಲ್ಲಿ ಎಳೆದಾಡುವ ಪೆಟ್ಟಿಗೆಗಳ ಉಜ್ಜಾಟ, ಇವೆಲ್ಲವನ್ನೂ ದಿನವೂ ತಾಳಿಕೊಳ್ಳಬೇಕಾದುದು ನೆಲ. ಆದುದರಿಂದಲೇ ಇಂತಹ ಸ್ಥಳಗಳಿಗೆ ನಾವು ಕಾಂಕ್ರೀಟನ್ನು ಹಾಸುತ್ತೇವೆ.

ಹೀಗಿದ್ದರೂ ಕೆಲವು ಕಾಂಕ್ರೀಟು ನೆಲಗಳಲ್ಲಿ ಒಂದು ವಿಚಿತ್ರವನ್ನು ಕಾಣುತ್ತೇವೆ. ಬೆಳಗ್ಗೆ ಚೊಕ್ಕಟವಾಗಿ ಗುಡಿಸಿದ ನೆಲದ ಮೇಲೆ ಮಧ್ಯಾಹ್ನದ ಹೊತ್ತಿಗೆ ಮತ್ತೆ ಬೂದಿಯಂತಹ ಪುಡಿ ಕಾಣಿಸಿಕೊಳ್ಳುತ್ತದೆ. ಅದು ಹೊರಗಿನಿಂದ ಬಂದ ಧೂಳಲ್ಲ. ನೆಲವೇ ಪುಡಿಯಾಗಿ ಮೇಲೆದ್ದುದು. ಇದನ್ನು ತಡೆಯಲೆಂದು ಬಣ್ಣವನ್ನು ಬಳಿದರೆ ಕೆಲವೇ ತಿಂಗಳುಗಳಲ್ಲಿ ಆ ಬಣ್ಣ ಹಪ್ಪಳದಂತೆ ಎದ್ದು ಬರುತ್ತದೆ. ಆಗ ಎಲ್ಲರೂ ಬಣ್ಣವನ್ನು ದೂರುವರು. ಆದರೆ ಎದ್ದುಬಂದ ಹಪ್ಪಳವೊಂದನ್ನು ತಿರುವಿ ಅದರ ಬೆನ್ನನ್ನು ನೋಡಿದರೆ ನಿಜಾಂಶ ತಿಳಿಯುತ್ತದೆ. ಅಲ್ಲಿ ಬೂದುಬಣ್ಣದ ಸಿಮೆಂಟಿನ ತೆಳುವಾದ ಪೊರೆಯೊಂದು ಅಂಟಿಕೊಂಡಿರುತ್ತದೆ. ಬಣ್ಣವು ತನ್ನ ಹಿಡಿತವನ್ನು ಬಿಟ್ಟಿಲ್ಲ. ನೆಲದ ಮೇಲ್ಪದರವೇ ನೆಲವನ್ನು ಬಿಟ್ಟು ಬಂದಿದೆ!

ಕಾಂಕ್ರೀಟು ನೆಲದಲ್ಲಿ ಅತ್ಯಂತ ದುರ್ಬಲವಾದ ಭಾಗ ನಮ್ಮ ಕಾಲಿಗೆ ತಾಗುವ ಮೇಲ್ಮೈಯೇ ಆಗಿರಬಹುದು. ಆ ಮೇಲ್ಮೈಯನ್ನು ಯಂತ್ರದಿಂದ ಮಸೆದು ತೆಗೆದು, ಕೆಳಗಿರುವ ಗಟ್ಟಿ ಕಾಂಕ್ರೀಟನ್ನು ಬೆಳಕಿಗೆ ತರುವುದೇ ಈ ಲೇಖನದ ವಿಷಯ. ಆದರೆ ನೆಲದಿಂದ ತೆಗೆದ ಪದರ ಮಾಯವಾಗುವುದಿಲ್ಲ. ಅದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯು ಕೆಲಸಗಾರನ ಪ್ರಾಣದ ಪ್ರಶ್ನೆಯಾಗಿರುವುದರಿಂದ ಅದನ್ನೂ ನಾವು ವಿಚಾರಿಸಬೇಕಾಗಿದೆ.

ನೆಲದ ಮೇಲಿನ ಕೆನೆ

ಸಿಮೆಂಟು, ಮರಳು, ಜಲ್ಲಿ, ನೀರು ಈ ನಾಲ್ಕರ ಮಿಶ್ರಣವೇ ಕಾಂಕ್ರೀಟು. ಇದು ಒಣಗಿ ಗಟ್ಟಿಯಾಗುತ್ತದೆಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನೊಡನೆ ರಾಸಾಯನಿಕವಾಗಿ ಕೂಡುವುದರಿಂದ. ಈ ಸಂಯೋಗದಿಂದ ಎರಡು ಮುಖ್ಯ ವಸ್ತುಗಳು ಹುಟ್ಟುತ್ತವೆ. ಒಂದು, ಜಲ್ಲಿ ಮರಳುಗಳನ್ನು ಬಿಗಿದು ಹಿಡಿಯುವ ಕ್ಯಾಲ್ಸಿಯಂ ಸಿಲಿಕೇಟಿನ ಅಂಟು. ಇನ್ನೊಂದು, ಅಷ್ಟೇನೂ ಬಲವಿಲ್ಲದ ಕ್ಯಾಲ್ಸಿಯಂ ಹೈಡ್ರಾಕ್ಸೈಡು, ಅಂದರೆ ನಮಗೆಲ್ಲ ಪರಿಚಿತವಾದ ಅರಳಿದ ಸುಣ್ಣ.

ಒಂದು ಚೀಲ ಸಿಮೆಂಟು ೫೦ ಕಿಲೋಗ್ರಾಂ ತೂಗುತ್ತದೆ. ಅದರೊಡನೆ ರಾಸಾಯನಿಕವಾಗಿ ಕೂಡಿಕೊಳ್ಳುವ ನೀರು ಸುಮಾರು ೧೨ ಲೀಟರು ಮಾತ್ರ. ಅಂಟಿನ ಸೂಕ್ಷ್ಮ ರಂಧ್ರಗಳಲ್ಲಿ ಸಿಲುಕಿಕೊಳ್ಳುವ ನೀರನ್ನೂ ಸೇರಿಸಿದರೆ ಸುಮಾರು ೨೦ ಲೀಟರು ಸಾಕು. ಆದರೆ ಅಷ್ಟೇ ನೀರಿನಿಂದ ಕಲಸಿದ ಕಾಂಕ್ರೀಟು ಬಿರುಸಾಗಿದ್ದು ಸುಲಭವಾಗಿ ಹರಡುವುದಿಲ್ಲ. ಆದುದರಿಂದ ಕೆಲಸದ ಸ್ಥಳದಲ್ಲಿ ೨೫ ಅಥವಾ ೩೦ ಲೀಟರು ನೀರನ್ನು ಸುರಿಯುವುದು ವಾಡಿಕೆ. ನೀರು ಹೆಚ್ಚಿದಷ್ಟೂ ಕಾಂಕ್ರೀಟಿನ ಬಲ ಕುಂದುತ್ತದೆಂಬ ನಿಯಮವನ್ನು ಅಮೆರಿಕದ ಡಫ್ ಏಬ್ರಮ್ಸ್ ಎಂಬಾತನು ೧೯೧೮ರಲ್ಲಿಯೇ ಪ್ರಕಟಿಸಿದನು.

ಈ ಹೆಚ್ಚುವರಿ ನೀರಿನ ಗತಿಯೇನು? ಹಾಸಿದ ಕಾಂಕ್ರೀಟಿನಲ್ಲಿ ಭಾರವಾದ ಜಲ್ಲಿ ಮೆಲ್ಲನೆ ಕೆಳಗಿಳಿಯುತ್ತದೆ. ಹಗುರವಾದ ನೀರು ಮೇಲಕ್ಕೇರುತ್ತದೆ. ಏರುವ ನೀರು ಬರಿದಾಗಿ ಬರುವುದಿಲ್ಲ. ಸಿಮೆಂಟಿನ ಅತಿ ನುಣುಪಾದ ಕಣಗಳನ್ನೂ ಮರಳಿನಲ್ಲಿದ್ದ ಜೇಡಿಯನ್ನೂ ಹೊತ್ತು ತರುತ್ತದೆ. ನೀರು ಆವಿಯಾಗಿ ಹೋದ ಮೇಲೆ ಇವು ತೆಳುವಾದ ಪದರವಾಗಿ ಉಳಿಯುತ್ತವೆ. ಮೇಲೆ ನಿಂತ ನೀರು ಆರುವ ಮುನ್ನವೇ ಗಾರೆಕೆಲಸದವನು ಕರಣೆಯಿಂದ ನೆಲವನ್ನು ತಿಕ್ಕಿದರೆ ಆ ನೀರು ಮೇಲ್ಪದರದಲ್ಲಿಯೇ ಬೆರೆತು ಅದನ್ನು ಇನ್ನಷ್ಟು ಬಲಹೀನಗೊಳಿಸುತ್ತದೆ. ಮೊದಲ ದಿನಗಳಲ್ಲಿ ನೀರುಣಿಸದೆ ಬಿಸಿಲಿಗೆ ಬಿಟ್ಟರಂತೂ ಮೇಲಿನ ಸಿಮೆಂಟಿಗೆ ಕೂಡಿಕೊಳ್ಳಲು ಬೇಕಾದ ನೀರೇ ಸಿಗದೆ ಅದು ಅರ್ಧ ಬೆಂದ ಅನ್ನದಂತೆ ಉಳಿದುಬಿಡುತ್ತದೆ.

ಪಾಶ್ಚಾತ್ಯ ಎಂಜಿನಿಯರುಗಳು ಈ ಪದರವನ್ನು ಹಾಲು ಎಂಬರ್ಥದ ಫ್ರೆಂಚ್ ಮಾತಿನಿಂದ ಹುಟ್ಟಿದ ಹೆಸರಿನಿಂದ ಕರೆಯುತ್ತಾರೆ. ನಾವು ಇದನ್ನು ಕೆನೆ ಎನ್ನಬಹುದು. ಆದರೆ ಹಾಲಿನ ಸತ್ವವೆಲ್ಲ ಕೆನೆಯಲ್ಲಿದ್ದರೆ, ಕಾಂಕ್ರೀಟಿನ ಕೆನೆಯಲ್ಲಿ ಸತ್ವವೇ ಇಲ್ಲ. ಮೊಳೆಯಿಂದ ಗೀರಿದರೆ ಪುಡಿ ಏಳುವ ನೆಲದ ಮೇಲೆ ಈ ಕೆನೆ ಇದೆಯೆಂದೇ ತಿಳಿಯಬೇಕು.

ಇಂತಹ ನೆಲದ ಮೇಲೆ ಬಣ್ಣವನ್ನಾಗಲಿ ಹೊಸ ಪದರವನ್ನಾಗಲಿ ಹಾಸುವುದು ಪುಡಿ ಉದುರುವ ಸುಣ್ಣದ ಗೋಡೆಗೆ ಕಾಗದವನ್ನು ಅಂಟಿಸಿದಂತೆ. ಅಂಟು ಎಷ್ಟೇ ಒಳ್ಳೆಯದಾಗಿದ್ದರೂ ಅದು ಹಿಡಿಯುವುದು ಪುಡಿಯನ್ನೇ ಹೊರತು ಗೋಡೆಯನ್ನಲ್ಲ. ಇದನ್ನು ಪರೀಕ್ಷಿಸಲು ಎಂಜಿನಿಯರುಗಳಲ್ಲಿ ಸರಳವಾದ ಉಪಾಯವೊಂದಿದೆ. ಹೊಸ ಪದರದ ಮೇಲೆ ಲೋಹದ ಬಿಲ್ಲೆಯೊಂದನ್ನು ಬಲವಾದ ಅಂಟಿನಿಂದ ಕೂಡಿಸಿ, ಸುತ್ತಲೂ ಕೊರೆದು, ಯಂತ್ರದಿಂದ ಅದನ್ನು ನೆಟ್ಟಗೆ ಮೇಲಕ್ಕೆ ಎಳೆಯುತ್ತಾರೆ. ಎಷ್ಟು ಬಲಕ್ಕೆ ಕಿತ್ತುಬಂದಿತೆಂಬುದರ ಜೊತೆಗೆ ಎಲ್ಲಿ ಕಿತ್ತುಬಂದಿತೆಂಬುದನ್ನೂ ನೋಡುತ್ತಾರೆ. ಬಿಲ್ಲೆಯ ಅಡಿಯಲ್ಲಿ ಒಡೆದ ಜಲ್ಲಿ ಅಂಟಿ ಬಂದರೆ ಕೆಲಸ ಚೆನ್ನಾಗಿದೆಯೆಂದರ್ಥ. ಬೂದುಪುಡಿ ಮಾತ್ರ ಬಂದರೆ ಕೆನೆಯನ್ನು ತೆಗೆಯದೆಯೇ ಪದರವನ್ನು ಹಾಸಿದ್ದಾರೆಂದರ್ಥ.

ಕಠಿಣವಾದುದು ಮೃದುವಾದುದನ್ನು ಗೀರುತ್ತದೆ

ಮಸೆಯುವುದೆಂದರೆ ಅಸಂಖ್ಯಾತ ಸಣ್ಣ ಗೀರುಗಳನ್ನು ಎಳೆಯುವುದು. ಯಾವ ವಸ್ತು ಯಾವುದನ್ನು ಗೀರಬಲ್ಲದು ಎಂಬುದನ್ನು ಆಧಾರವಾಗಿಟ್ಟುಕೊಂಡು ಜರ್ಮನಿಯ ಖನಿಜವಿಜ್ಞಾನಿ ಫ್ರೀಡ್ರಿಕ್ ಮೋಸ್ ಎಂಬಾತನು ೧೮೧೨ರಲ್ಲಿ ಕಾಠಿಣ್ಯದ ಹತ್ತು ಮೆಟ್ಟಿಲುಗಳನ್ನು ಗೊತ್ತುಪಡಿಸಿದನು. ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟು ೩ನೆಯ ಮೆಟ್ಟಿಲಿನಲ್ಲಿದೆ. ಗ್ರಾನೈಟಿನ ಜಲ್ಲಿಯಲ್ಲಿರುವ ಫೆಲ್ಡ್‌ಸ್ಪಾರ್ ೬ರಲ್ಲಿಯೂ ಬೆಣಚುಕಲ್ಲು ೭ರಲ್ಲಿಯೂ ಇವೆ. ಕುರುಂದಕ್ಕೆ ೯ನೆಯ ಸ್ಥಾನ, ವಜ್ರಕ್ಕೆ ೧೦ನೆಯದು. ಕುರುಂದದ ಇಂಗ್ಲಿಷ್ ಹೆಸರು ಹುಟ್ಟಿದುದು ನಮ್ಮ ದಕ್ಷಿಣ ಭಾರತದ ಮಾತಿನಿಂದಲೇ ಎಂಬುದು ಸ್ವಾರಸ್ಯವಾದ ವಿಷಯ. ನಮ್ಮಲ್ಲಿ ರತ್ನಗಳನ್ನು ಸಾಣೆ ಹಿಡಿಯಲು ಕುರುಂದದ ಪುಡಿಯನ್ನು ಬಹುಕಾಲದಿಂದ ಬಳಸುತ್ತಿದ್ದರು.

ಕಾಂಕ್ರೀಟು ನೆಲದಲ್ಲಿ ಮೃದುವಾದ ಸಿಮೆಂಟೂ ಇದೆ, ಕಠಿಣವಾದ ಬೆಣಚೂ ಇದೆ. ಎರಡನ್ನೂ ಸಮನಾಗಿ ಕತ್ತರಿಸಬೇಕಾದರೆ ೭ಕ್ಕಿಂತ ಮೇಲಿನ ಮೆಟ್ಟಿಲಿನ ವಸ್ತುವೇ ಬೇಕು. ಹಿಂದೆ ಇಟಲಿಯ ವೆನಿಸ್ ನಗರದ ಕೆಲಸಗಾರರು ಅಮೃತಶಿಲೆಯ ಚೂರುಗಳನ್ನು ಗಾರೆಯಲ್ಲಿ ಕೂಡಿಸಿ, ಉದ್ದವಾದ ಹಿಡಿಗೆ ಕಟ್ಟಿದ ಭಾರವಾದ ಕಲ್ಲಿನಿಂದ ದಿನಗಟ್ಟಲೆ ಉಜ್ಜಿ ನುಣುಪು ಮಾಡುತ್ತಿದ್ದರು. ಅದು ಮೃದುವಾದ ಅಮೃತಶಿಲೆಯಾದುದರಿಂದ ಕೈಕೆಲಸದಿಂದ ಸಾಧ್ಯವಾಯಿತು.

ಈ ಕೆಲಸವನ್ನು ಸುಲಭಗೊಳಿಸಿದ ಪದಾರ್ಥವೊಂದು ೧೮೯೧ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಎಂಬಾತನಿಗೆ ದೊರಕಿತು. ಕೃತಕ ವಜ್ರವನ್ನು ಮಾಡುವ ಆಸೆಯಿಂದ ಆತನು ಜೇಡಿಮಣ್ಣನ್ನೂ ಇದ್ದಿಲ ಪುಡಿಯನ್ನೂ ವಿದ್ಯುತ್ತಿನಿಂದ ಬಲವಾಗಿ ಕಾಯಿಸಿದನು. ವಜ್ರವು ದೊರೆಯಲಿಲ್ಲ, ಆದರೆ ಹೊಳೆಯುವ ಅತಿ ಕಠಿಣವಾದ ಹರಳುಗಳು ದೊರೆತವು. ಅವು ಇಂಗಾಲ ಮತ್ತು ಕುರುಂದಗಳ ಸಂಯುಕ್ತವೆಂದು ಭಾವಿಸಿ ಆತನು ಕಾರ್ಬೊರಂಡಮ್ ಎಂದು ಹೆಸರಿಟ್ಟನು. ವಾಸ್ತವವಾಗಿ ಅದು ಸಿಲಿಕಾನ್ ಕಾರ್ಬೈಡು. ಹೆಸರು ತಪ್ಪಾದರೂ ವಸ್ತು ಉಪಯುಕ್ತವಾಯಿತು.

ನಮ್ಮ ನಾಡಿನ ಹಳೆಯ ಮನೆ, ಶಾಲೆ, ಕಚೇರಿಗಳಲ್ಲಿರುವ ಮೊಸಾಯಿಕ್ ನೆಲಗಳು ಹೊಳಪನ್ನು ಪಡೆದುದು ಇದೇ ಕಾರ್ಬೊರಂಡಮ್ ಕಲ್ಲುಗಳಿಂದ. ಹಾಸಿದ ನೆಲಕ್ಕೆ ಕೆಲವು ದಿನ ನೀರುಣಿಸಿ, ಮೊದಲು ಒರಟಾದ ೬೦ನೆಯ ನಂಬರಿನ ಕಲ್ಲಿನಿಂದ, ಬಳಿಕ ೧೨೦ನೆಯದರಿಂದ, ಕಡೆಗೆ ೩೨೦ನೆಯದರಿಂದ ನೀರು ಹಾಕಿ ಉಜ್ಜುವುದು ರೂಢಿ. ಈ ನಂಬರುಗಳ ಅರ್ಥವನ್ನು ತಿಳಿಯುವುದು ಸುಲಭ. ಒಂದು ಅಂಗುಲದ ಉದ್ದದಲ್ಲಿ ೬೦ ಕಣ್ಣುಗಳಿರುವ ಜರಡಿಯನ್ನು ಹಾಯಬಲ್ಲ ಕಣ ೬೦ನೆಯದು. ಅದರ ಗಾತ್ರ ಸುಮಾರು ಕಾಲು ಮಿಲಿಮೀಟರು. ನಂಬರು ಏರಿದಂತೆ ಕಣ ಸಣ್ಣದಾಗುತ್ತದೆ. ಪ್ರತಿಯೊಂದು ಕಲ್ಲೂ ಹಿಂದಿನದು ಮಾಡಿದ ಗೀರುಗಳನ್ನು ಅಳಿಸಿ ತನ್ನದೇ ಆದ ಇನ್ನೂ ಸಣ್ಣ ಗೀರುಗಳನ್ನು ಬಿಡುತ್ತದೆ. ಗೀರುಗಳು ಬಹು ಸಣ್ಣವಾದಾಗ ಬೆಳಕು ಚೆದರದೆ ಕನ್ನಡಿಯಲ್ಲಿ ಹೇಗೋ ಹಾಗೆ ಒಂದೇ ದಿಕ್ಕಿಗೆ ಮರಳುತ್ತದೆ. ಹೊಳಪೆಂದರೆ ಇಷ್ಟೆ. ನಡುವೆ ಒಂದು ನಂಬರನ್ನು ಬಿಟ್ಟು ಮುಂದೆ ಹಾರಿದರೆ ದೊಡ್ಡ ಗೀರುಗಳು ಹಾಗೆಯೇ ಉಳಿದು ಎಷ್ಟು ಉಜ್ಜಿದರೂ ಕಣ್ಣಿಗೆ ಕಾಣುತ್ತಲೇ ಇರುತ್ತವೆ.

ಅಚೆಸನ್ ಕಂಡ ಕನಸು ೧೯೫೪ರ ಡಿಸೆಂಬರಿನಲ್ಲಿ ನನಸಾಯಿತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಟ್ರೇಸಿ ಹಾಲ್ ಎಂಬ ವಿಜ್ಞಾನಿಯು ಸುಮಾರು ಒಂದು ಲಕ್ಷ ವಾಯುಭಾರಗಳ ಒತ್ತಡದಲ್ಲಿ ಕೃತಕ ವಜ್ರವನ್ನು ಪಡೆದನು. ಸ್ವೀಡನ್ನಿನ ಸಂಸ್ಥೆಯೊಂದು ೧೯೫೩ರಲ್ಲಿಯೇ ಇದನ್ನು ಸಾಧಿಸಿದ್ದರೂ ಆಗ ಪ್ರಕಟಿಸಿರಲಿಲ್ಲ. ಕೃತಕ ವಜ್ರದ ಪುಡಿ ಹೇರಳವಾಗಿ ದೊರೆಯತೊಡಗಿದ ಮೇಲೆ ಬರಿಯ ನೆಲವನ್ನು ಉಜ್ಜಲು ವಜ್ರವನ್ನು ಬಳಸುವುದು ಸಾಧ್ಯವಾಯಿತು!

ವಜ್ರವೂ ಮೊಂಡಾಗುತ್ತದೆ

ಈಗಿನ ನೆಲ ಮಸೆಯುವ ಯಂತ್ರದ ಅಡಿಯಲ್ಲಿ ತಟ್ಟೆಗಳಿರುತ್ತವೆ. ಪ್ರತಿ ತಟ್ಟೆಗೂ ಲೋಹದ ತುಂಡುಗಳನ್ನು ಕೂಡಿಸಿರುತ್ತಾರೆ. ಆ ಲೋಹದೊಳಗೆ ಹಲಸಿನ ತೊಳೆಯಲ್ಲಿ ಬೀಜ ಹುದುಗಿರುವಂತೆ ವಜ್ರದ ಕಣಗಳು ಹುದುಗಿರುತ್ತವೆ. ದೊಡ್ಡ ಯಂತ್ರಗಳಲ್ಲಿ ಸಾಮಾನ್ಯವಾಗಿ ಮೂರು ತಟ್ಟೆಗಳುಂಟು. ಪ್ರತಿಯೊಂದೂ ತನ್ನ ಸುತ್ತ ತಾನು ತಿರುಗುತ್ತದೆ. ಮೂರೂ ಒಟ್ಟಾಗಿ ದೊಡ್ಡ ಚಕ್ರವೊಂದರಲ್ಲಿ ಸುತ್ತುತ್ತವೆ, ಭೂಮಿಯು ತಾನೂ ತಿರುಗುತ್ತ ಸೂರ್ಯನನ್ನೂ ಸುತ್ತುವಂತೆ. ಇದರಿಂದ ಒಂದೇ ಜಾಗದಲ್ಲಿ ಒಂದೇ ದಿಕ್ಕಿನ ಗೀರು ಬೀಳುವುದಿಲ್ಲ. ಮೂರು ತಟ್ಟೆಗಳೇ ಏಕೆ? ಮೂರು ಕಲ್ಲಿನ ಒಲೆಯ ಮೇಲಿಟ್ಟ ಮಡಕೆ ಅಲುಗಾಡುವುದಿಲ್ಲವೆಂಬುದನ್ನು ಬಲ್ಲವರಿಗೆ ಉತ್ತರವೂ ಗೊತ್ತು. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿ ನಿಲ್ಲುತ್ತವೆ. ನಾಲ್ಕನೆಯದು ಬಂದರೆ ಯಾವುದಾದರೂ ಒಂದು ಮೇಲೆದ್ದೀತು.

ಇನ್ನು ಈ ಕೆಲಸದಲ್ಲಿ ಹೊಸಬರನ್ನು ಬೆರಗುಗೊಳಿಸುವ ಸಂಗತಿಯೊಂದಿದೆ. ಗಟ್ಟಿಯಾದ ನೆಲವನ್ನು ಮಸೆಯಲು ಮೃದುವಾದ ಲೋಹದ ತುಂಡು ಬೇಕು. ಮೃದುವಾದ ನೆಲವನ್ನು ಮಸೆಯಲು ಗಟ್ಟಿ ಲೋಹದ ತುಂಡು ಬೇಕು. ಇದು ವಿಪರೀತವೆಂದು ತೋರಿದರೂ ಕಾರಣ ಸ್ಪಷ್ಟವಾಗಿದೆ. ನೆಲವನ್ನು ಕತ್ತರಿಸುವುದು ಲೋಹವಲ್ಲ, ಅದರಿಂದ ಹೊರಚಾಚಿದ ವಜ್ರದ ಮೊನೆ. ಕೆಲಸ ನಡೆದಂತೆ ಈ ಮೊನೆಯೂ ಸವೆದು ಮೊಂಡಾಗುತ್ತದೆ. ಆಗ ಸುತ್ತಲಿನ ಲೋಹ ಸವೆದು, ಹಳೆಯ ವಜ್ರ ಉದುರಿ, ಒಳಗಿನ ಹೊಸ ವಜ್ರ ಮೊನೆಯನ್ನು ಚಾಚಬೇಕು. ಮೃದುವಾದ ನೆಲದ ಪುಡಿ ಮರಳಿನಂತೆ ಒರಟಾಗಿದ್ದು ಲೋಹವನ್ನು ಬೇಗ ಸವೆಸುವುದರಿಂದ ಅಲ್ಲಿ ಗಟ್ಟಿ ಲೋಹವೇ ಇರಬೇಕು; ಇಲ್ಲವಾದರೆ ಇನ್ನೂ ಚೂಪಾಗಿರುವ ವಜ್ರಗಳು ವ್ಯರ್ಥವಾಗಿ ಉದುರಿಹೋಗುತ್ತವೆ. ಗಟ್ಟಿ ನೆಲದ ಪುಡಿಯಾದರೋ ಹಿಟ್ಟಿನಂತೆ ನುಣುಪು. ಅದು ಗಟ್ಟಿ ಲೋಹವನ್ನು ಸವೆಸಲಾರದು. ಆಗ ಹೊಸ ವಜ್ರ ಹೊರಬರದೆ ತಟ್ಟೆ ನೆಲದ ಮೇಲೆ ಬರಿದೆ ಜಾರುತ್ತದೆ. ಬಹುಕಾಲ ರುಬ್ಬಿ ನುಣುಪಾದ ಒರಳುಕಲ್ಲು ಹಿಟ್ಟನ್ನು ಅರೆಯದು; ಕಲ್ಲುಕುಟಿಗನು ಬಂದು ಉಳಿಯಿಂದ ಚುಚ್ಚಿ ಅದನ್ನು ಮತ್ತೆ ಒರಟು ಮಾಡಬೇಕು. ಮೃದುವಾದ ಲೋಹದಲ್ಲಿ ಈ ಕಲ್ಲುಕುಟಿಗನ ಕೆಲಸವನ್ನು ನೆಲದ ಪುಡಿಯೇ ಮಾಡಿಬಿಡುತ್ತದೆ.

ಯಂತ್ರವನ್ನು ನಡೆಸುವ ಮುನ್ನ ಮಾಡಬೇಕಾದ ಕೆಲಸಗಳೂ ಇವೆ. ನೆಲದಲ್ಲಿ ಚಾಚಿಕೊಂಡ ಮೊಳೆ, ತಿರುಪುಗಳನ್ನು ಕೀಳಬೇಕು. ಎಣ್ಣೆಯ ಕಲೆಗಳನ್ನು ತೊಳೆದು ತೆಗೆಯಬೇಕು. ಎಣ್ಣೆಯು ಆಳಕ್ಕೆ ಇಳಿದಿದ್ದರೆ ಮಸೆಯುವುದರಿಂದ ಮಾತ್ರ ಅದು ಹೋಗುವುದಿಲ್ಲ. ಬಿರುಕುಗಳನ್ನು ತುಂಬಬೇಕು. ನೆಲದ ಅಡಿಯಿಂದ ತೇವ ಏರುತ್ತಿದೆಯೇ ಎಂಬುದನ್ನು ಪರೀಕ್ಷಿಸಬೇಕು. ಇದಕ್ಕೆ ಸುಮಾರು ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹರಡಿ, ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಮುಚ್ಚಿ, ಕನಿಷ್ಠ ೧೬ ಗಂಟೆಗಳ ಕಾಲ ಬಿಡುತ್ತಾರೆ. ಬಳಿಕ ಹಾಳೆಯ ಅಡಿಯಲ್ಲಿ ನೀರಿನ ಹನಿ ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ತೇವವಿದೆಯೆಂದು ತಿಳಿಯಬೇಕು. ಇದು ಯಾವ ವಿದ್ಯಾರ್ಥಿಯಾದರೂ ತನ್ನ ಮನೆಯಲ್ಲಿ ಮಾಡಿನೋಡಬಹುದಾದ ಪ್ರಯೋಗ.

ಎಷ್ಟು ಮಸೆಯಬೇಕೆಂಬುದು ಮುಂದಿನ ಉದ್ದೇಶವನ್ನು ಅವಲಂಬಿಸಿದೆ. ನೆಲಕ್ಕೆ ಬಣ್ಣವನ್ನು ಬಳಿಯಬೇಕಾದರೆ ಒರಟು ವಜ್ರದಿಂದ ಕೆನೆಯನ್ನು ತೆಗೆದು ಅಲ್ಲಿಗೇ ನಿಲ್ಲಿಸಬೇಕು. ಬಣ್ಣಕ್ಕೆ ಹಿಡಿತ ಸಿಗಲು ಆ ಸಣ್ಣ ಗೀರುಗಳೇ ಆಧಾರ. ಕಾಂಕ್ರೀಟಿಗೇ ಹೊಳಪು ಬರಬೇಕಾದರೆ ನಂಬರಿನಿಂದ ನಂಬರಿಗೆ ಏರುತ್ತ ಹೋಗಬೇಕು. ಇಲ್ಲಿ ರಸಾಯನಶಾಸ್ತ್ರವೂ ನೆರವಿಗೆ ಬರುತ್ತದೆ. ಮಸೆದ ನೆಲಕ್ಕೆ ಸೋಡಿಯಂ ಅಥವಾ ಲಿಥಿಯಂ ಸಿಲಿಕೇಟಿನ ದ್ರಾವಣವನ್ನು ಉಣಿಸಿದರೆ, ಅದು ಕಾಂಕ್ರೀಟಿನಲ್ಲಿ ಉಳಿದಿರುವ ಅರಳಿದ ಸುಣ್ಣದೊಡನೆ ಕೂಡಿ ಹೊಸದಾಗಿ ಕ್ಯಾಲ್ಸಿಯಂ ಸಿಲಿಕೇಟಿನ ಅಂಟನ್ನು ಉಂಟುಮಾಡುತ್ತದೆ. ಬಲವಿಲ್ಲದ ವಸ್ತುವೇ ಹೀಗೆ ಬಲವುಳ್ಳ ವಸ್ತುವಾಗಿ ಮಾರ್ಪಟ್ಟು ಸಣ್ಣ ರಂಧ್ರಗಳನ್ನು ತುಂಬುತ್ತದೆ.

ತೆಗೆದ ಪುಡಿ ಎಲ್ಲಿಗೆ ಹೋಯಿತು?

ಈಗ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲವಿರುವ ಕೋಣೆಯೊಂದರ ನೆಲದಿಂದ ಒಂದು ಮಿಲಿಮೀಟರು ಪದರವನ್ನು ಮಸೆದು ತೆಗೆದೆವೆಂದಿಟ್ಟುಕೊಳ್ಳಿ. ಒಂದು ಚದರ ಮೀಟರಿಗೆ ಒಂದು ಲೀಟರಿನಂತೆ ಒಟ್ಟು ನೂರು ಲೀಟರು ಪದಾರ್ಥ ಹೊರಬಂದಿತು. ಲೀಟರಿಗೆ ಸುಮಾರು ಎರಡು ಕಿಲೋಗ್ರಾಂ ಎಂದು ಹಿಡಿದರೂ ಇನ್ನೂರು ಕಿಲೋಗ್ರಾಂ, ಎಂದರೆ ನಾಲ್ಕು ಚೀಲ ಸಿಮೆಂಟಿನಷ್ಟು ತೂಕದ ಪುಡಿ!

ಈ ಪುಡಿಯಲ್ಲಿ ಮರಳಿನಿಂದಲೂ ಜಲ್ಲಿಯಿಂದಲೂ ಬಂದ ಬೆಣಚಿನ ಸಿಲಿಕಾ ಇರುತ್ತದೆ. ದೊಡ್ಡ ಕಣಗಳಿಂದ ಭಯವಿಲ್ಲ; ಅವು ಬೇಗ ಕೆಳಗೆ ಬೀಳುತ್ತವೆ, ಒಳಗೆ ಹೋದರೂ ಮೂಗು ಗಂಟಲುಗಳು ತಡೆಯುತ್ತವೆ. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ಕೆಲವೇ ಮೈಕ್ರಾನ್ ಗಾತ್ರದ, ಕಣ್ಣಿಗೆ ಕಾಣದ ಕಣಗಳೇ ಶತ್ರುಗಳು. ನಿಶ್ಚಲವಾದ ಗಾಳಿಯಲ್ಲಿ ಮೂರು ಮೀಟರು ಎತ್ತರದಿಂದ ನೆಲಕ್ಕೆ ಇಳಿಯಲು ಐದು ಮೈಕ್ರಾನಿನ ಬೆಣಚಿನ ಕಣಕ್ಕೆ ಸುಮಾರು ಇಪ್ಪತ್ತೈದು ನಿಮಿಷ ಬೇಕು. ಒಂದು ಮೈಕ್ರಾನಿನ ಕಣಕ್ಕೆ ಸುಮಾರು ಹತ್ತು ಗಂಟೆ ಬೇಕು. ಯಂತ್ರ ನಿಂತು, ಧೂಳು ಅಡಗಿತೆಂದು ಕೆಲಸಗಾರನು ಮುಖದ ಬಟ್ಟೆಯನ್ನು ಬಿಚ್ಚಿ ಊಟಕ್ಕೆ ಕುಳಿತಾಗಲೂ ಆ ಕಣಗಳು ಅವನ ಸುತ್ತ ತೇಲುತ್ತಿರುತ್ತವೆ.

ಇವು ಶ್ವಾಸಕೋಶದ ಕೊನೆಯ ಗಾಳಿಗೂಡುಗಳನ್ನು ಮುಟ್ಟುತ್ತವೆ. ಅಲ್ಲಿನ ಕಾವಲು ಜೀವಕೋಶಗಳು ಅವನ್ನು ನುಂಗುತ್ತವೆ; ಆದರೆ ಕರಗಿಸಲಾರದೆ ತಾವೇ ಸಾಯುತ್ತವೆ. ಸತ್ತ ಜಾಗದಲ್ಲಿ ಗಾಯದ ಕಲೆಯಂತಹ ಗಡುಸು ನಾರು ಬೆಳೆಯುತ್ತದೆ. ವರ್ಷಗಳು ಕಳೆದಂತೆ ಶ್ವಾಸಕೋಶ ಹಿಗ್ಗುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಇದೇ ಸಿಲಿಕೋಸಿಸ್ ಎಂಬ ರೋಗ. ಇದನ್ನು ಗುಣಪಡಿಸುವ ಔಷಧಿಯಿಲ್ಲ; ಕ್ಷಯರೋಗವು ಇಂತಹವರನ್ನು ಸುಲಭವಾಗಿ ಹಿಡಿಯುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೧೯೯೭ರಲ್ಲಿ ಕೆಲಸದ ಸ್ಥಳದ ಸಿಲಿಕಾ ಧೂಳನ್ನು ಕ್ಯಾನ್ಸರಿಗೆ ಕಾರಣವಾದ ವಸ್ತುಗಳ ಗುಂಪಿಗೆ ಸೇರಿಸಿತು.

ಈ ರೋಗ ನಮ್ಮ ನಾಡಿಗೆ ಅಪರಿಚಿತವಲ್ಲ. ಬೆಣಚಿನ ಬಂಡೆಗಳನ್ನು ಕೊರೆಯುತ್ತಿದ್ದ ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರಲ್ಲಿ ಇದು ಇದ್ದುದನ್ನು ವೈದ್ಯರು ೧೯೪೦ರ ದಶಕದಲ್ಲಿಯೇ ವರದಿ ಮಾಡಿದ್ದರು. ೨೦೦೧ರಲ್ಲಿ ಆ ಗಣಿಗಳು ಮುಚ್ಚಿದವು. ಮಧ್ಯಪ್ರದೇಶದ ಮಂದಸೌರದಲ್ಲಿ ಮಕ್ಕಳ ಬಳಪಗಳನ್ನು ಕತ್ತರಿಸುತ್ತಿದ್ದ ಕಾರ್ಮಿಕರೂ ಇದೇ ಧೂಳಿಗೆ ಬಲಿಯಾದರು. ಭಾರತದ ೧೯೪೮ರ ಕಾರ್ಖಾನೆಗಳ ಕಾನೂನು ಸಿಲಿಕೋಸಿಸನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಇರಿಸಿತು. ಆದರೆ ನೆಲವನ್ನು ಮಸೆಯುವವನು ಗಣಿಯಲ್ಲಿಯೂ ಇಲ್ಲ, ಕಾರ್ಖಾನೆಯಲ್ಲಿಯೂ ಇಲ್ಲ; ಇಂದು ಒಂದು ಮನೆ, ನಾಳೆ ಇನ್ನೊಂದು ಅಂಗಡಿ, ಹೀಗೆ ಅಲೆಯುವ ಅವನ ಎದೆಯನ್ನು ಪರೀಕ್ಷಿಸುವವರು ಯಾರು?

ಎಷ್ಟು ಧೂಳು ಅಪಾಯಕರ? ಅಮೆರಿಕ ೨೦೧೬ರಲ್ಲಿ ಮಾಡಿದ ನಿಯಮದ ಪ್ರಕಾರ ಎಂಟು ಗಂಟೆಯ ಕೆಲಸದಲ್ಲಿ ಒಂದು ಘನ ಮೀಟರು ಗಾಳಿಯಲ್ಲಿ ಸರಾಸರಿ ೫೦ ಮೈಕ್ರೋಗ್ರಾಂಗಿಂತ ಹೆಚ್ಚು ಸೂಕ್ಷ್ಮ ಸಿಲಿಕಾ ಇರಕೂಡದು. ನಮ್ಮ ಲೆಕ್ಕದ ಕೋಣೆ ಮೂರು ಮೀಟರು ಎತ್ತರವಿದ್ದರೆ ಅದರಲ್ಲಿರುವ ಗಾಳಿ ಮುನ್ನೂರು ಘನ ಮೀಟರು. ಇಡೀ ಕೋಣೆಗೆ ಮಿತಿ ೧೫ ಮಿಲಿಗ್ರಾಂ. ಒಂದು ಅಕ್ಕಿಕಾಳು ಹೆಚ್ಚುಕಡಿಮೆ ಅಷ್ಟು ತೂಗುತ್ತದೆ! ನೆಲದಿಂದ ಎದ್ದುದು ಇನ್ನೂರು ಕಿಲೋಗ್ರಾಂ. ಅದರ ಕೋಟಿಯಲ್ಲಿ ಒಂದು ಪಾಲು ಸೂಕ್ಷ್ಮ ಸಿಲಿಕಾ ಆಗಿ ಗಾಳಿಯಲ್ಲಿ ನಿಂತರೂ ಮಿತಿ ಮೀರಿದಂತಾಯಿತು. ಮೂಗಿಗೆ ಕಟ್ಟಿದ ಕರವಸ್ತ್ರ ಇಂತಹ ಕಣಗಳನ್ನು ತಡೆಯಲಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪರಿಹಾರ ಕಷ್ಟವಾದುದಲ್ಲ. ಮೊದಲನೆಯದು ನೀರು. ಮೊಸಾಯಿಕ್ ನೆಲವನ್ನು ನೀರು ಹಾಕಿ ಉಜ್ಜುವ ಹಳೆಯ ಪದ್ಧತಿಯಲ್ಲಿ ಪುಡಿಯು ಹುಟ್ಟುವಾಗಲೇ ಕೆಸರಾಗಿ, ಬಹುಪಾಲು ಗಾಳಿಗೆ ಏರದೆ ಉಳಿಯುತ್ತಿತ್ತು. ಆದರೆ ಈ ಕೆಸರು ಸುಣ್ಣದ ಕ್ಷಾರದಿಂದ ಕೂಡಿದ್ದು ಕೈಕಾಲುಗಳ ಚರ್ಮವನ್ನು ಸುಡಬಲ್ಲದು. ಮೋರಿಗೆ ಬಿಟ್ಟರೆ ಅಲ್ಲಿಯೇ ಗಡ್ಡೆಕಟ್ಟುತ್ತದೆ. ಅದನ್ನು ಒಟ್ಟುಮಾಡಿ, ತಂಗಿಸಿ, ಬೇರೆಯಾಗಿ ಸಾಗಿಸಬೇಕು. ಎರಡನೆಯದು ಹೀರುವ ಯಂತ್ರ. ತಟ್ಟೆಗಳ ಸುತ್ತ ಮುಸುಕನ್ನು ತೊಡಿಸಿ, ಅದರೊಳಗಿನ ಗಾಳಿಯನ್ನು ಹೀರಿ, ೦.೩ ಮೈಕ್ರಾನಿನ ಕಣಗಳಲ್ಲಿಯೂ ಶೇಕಡಾ ೯೯.೯೭ರಷ್ಟನ್ನು ಹಿಡಿಯುವ ಸೋಸುಪರದೆಯ ಮೂಲಕ ಹೊರಬಿಡುತ್ತಾರೆ. ಇಂತಹ ಯಂತ್ರದ ಸುತ್ತ ಕಣ್ಣಿಗೆ ಧೂಳು ಕಂಡರೆ ಎಲ್ಲಿಯೋ ಸೋರಿಕೆಯಿದೆಯೆಂದು ತಿಳಿದು ಕೆಲಸವನ್ನು ನಿಲ್ಲಿಸಬೇಕು. ಕೆಲಸ ಮುಗಿದ ಮೇಲೆ ಒಣ ಪೊರಕೆಯಿಂದ ಗುಡಿಸುವುದೆಂದರೆ ಹಿಡಿದ ಕಳ್ಳನನ್ನು ಮತ್ತೆ ಬಿಟ್ಟಂತೆ. ಹೀರುವ ಯಂತ್ರದಿಂದಲೋ ಒದ್ದೆ ಬಟ್ಟೆಯಿಂದಲೋ ಶುಚಿಮಾಡಬೇಕು.

ಮಸೆದು ಮುಗಿದ ನೆಲವನ್ನು ನೋಡಿದವರು ಅದರ ಸಮತಲವನ್ನೂ ಹೊಳಪನ್ನೂ ಮೆಚ್ಚುತ್ತಾರೆ. ಕೆಲಸ ಚೆನ್ನಾಗಿ ನಡೆಯಿತೇ ಎಂಬುದನ್ನು ಅಳೆಯಲು ಅದೊಂದೇ ಸಾಲದು. ನೆಲದಿಂದ ತೆಗೆದ ಇನ್ನೂರು ಕಿಲೋಗ್ರಾಂ ಪುಡಿಯಲ್ಲಿ ಚೀಲಕ್ಕೆ ಎಷ್ಟು ಬಂದಿತು, ಅದನ್ನು ಮಸೆದವನ ಎದೆಗೆ ಎಷ್ಟು ಹೋಯಿತು ಎಂಬುದನ್ನೂ ಕೇಳಬೇಕು. ನಿಮ್ಮ ಶಾಲೆಯಲ್ಲಿಯೋ ಮನೆಯಲ್ಲಿಯೋ ಈ ಯಂತ್ರ ಮುಂದೊಮ್ಮೆ ಓಡುವಾಗ, ನೀರಾದರೂ ಹರಿಯುತ್ತಿದೆಯೇ, ಹೀರುವ ಯಂತ್ರವಾದರೂ ನಡೆಯುತ್ತಿದೆಯೇ ಎಂದು ನೋಡಿರಿ. ಎರಡೂ ಇಲ್ಲವಾದರೆ ಯಂತ್ರವನ್ನು ನಿಲ್ಲಿಸುವಂತೆ ಹಿರಿಯರಿಗೆ ಹೇಳಿರಿ.